ಅವ್ವನ ಸೀರೆ, ಮಷೀನಿನ ಕೌದಿ



ಇವತ್ತು ನಿಮ್ಮ ಜೊತೆ ಒಂದು ಕೌದಿಯ ಬಗ್ಗೆ ಮಾತಾಡಬೇಕು ಅಂತ ಇದ್ದೇನೆ. ಕೌದಿ ಅಂದ ಕೂಡಲೇ ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಈ ಮುಂಬಯಿಗೆ ಬಂದು ನೆಲೆಸಿದವರಿಗೆ ಬೆನ್ನಿಗೆ ಒಂದು ಬೆಚ್ಚನೆಯ ನೆನಪು ತಾಗಿರಬೇಕು. ಮಂಗಳೂರು, ಮೈಸೂರಿನ ಕಡೆಯವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಹಳೆಯ ಸೀರೆ, ಧೋತರ, ಅಂಗಿ, ಲಂಗಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಉದ್ದಕ್ಕೂ ಸಾಲುಸಾಲಾಗಿ ಹೊಲಿಗೆ ಹಾಕಿದರೆ ಅದೇ ಕೌದಿ. ಚಳಿಗೆ ಹೊದಿಕೆ, ಉಳಿದ ದಿನ ಹಾಸಿಗೆ. ನಮ್ಮ ನೆರೆಮನೆಯ ಮರಾಠಿ ಕಾಕು ಇದನ್ನೇ ಗೋಧಡಿ ಅನ್ನುತ್ತಾರೆ. ಬಂಗಾಳದಲ್ಲಿ ಇದರ ಅಕ್ಕತಂಗಿಗೆ ಕಾಂತಾ ಅಂತ ಹೆಸರು, ಬಿಹಾರದಲ್ಲಿ ಸುಜನಿ. ಹಳೆಯ ಬಟ್ಟೆಯನ್ನು ಬಿಸಾಡದ ಮನೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕೌದಿ ಇದೆ ಅನ್ನಿ.

ಈಗ ವಿಷಯಕ್ಕೆ ಬರುತ್ತೇನೆ. ಎರಡು ವಾರದ ಹಿಂದೆ ಧಾರವಾಡದಿಂದ ನನ್ನ ತಂಗಿಯ ಫೋನ್ ಬಂತು. ಅವಳಿಗೆ ಈಗ ಎಂಟು ತಿಂಗಳು. "ಅಣ್ಣಾ, ತೊಟ್ಟಿಲಿಗೆ ಹಾಸಾಕ ಅವ್ವನ ಸೀರೀದು ಒಂದು ಕೌದಿ ಬೇಕಾಗೈತಿ ನೋಡು. ಟ್ರಂಕು ನಿನ್ನ ಹಂತೇಕನ ಐತಲ್ಲ" ಅಂದಳು. ಅಷ್ಟೇ ಮಾತು. ನಾನು "ಆತು" ಅಂದೆ. ಫೋನ್ ಇಟ್ಟಮೇಲೆ ಟ್ರಂಕಿನ ಕಡೆ ನೋಡಿದೆ. ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಆ ಟ್ರಂಕನ್ನು ಊರಿನಿಂದ ತಂದವನು ನಾನೇ. ತಂದಮೇಲೆ ಡಾಂಬರು ಗುಳಿಗೆ ಬದಲಿಸಲು ಎರಡು ಸಲ ತೆರೆದದ್ದು ಬಿಟ್ಟರೆ ಅದನ್ನು ಮುಟ್ಟಿರಲಿಲ್ಲ.

ಊರಿನಲ್ಲಾಗಿದ್ದರೆ ಕೌದಿ ಹೊಲಿಯುವ ಹೆಣ್ಣುಮಕ್ಕಳು ಮನೆ ಬಾಗಿಲಿಗೇ ಬರುತ್ತಿದ್ದರು. ಪಡಸಾಲೆಯಲ್ಲಿ ಕುಳಿತು, ದಬ್ಬಳದಲ್ಲಿ ದಪ್ಪ ದಾರ ಪೋಣಿಸಿ, ಮಾತಾಡುತ್ತಾ ಮಾತಾಡುತ್ತಾ ಹೊಲಿದು ಮುಗಿಸುತ್ತಿದ್ದರು. ನಮ್ಮ ಅವ್ವ ಅವರಿಗೆ ಕೊಡುತ್ತಿರಲಿಲ್ಲ, ತಾನೇ ಹೊಲಿಯುತ್ತಿದ್ದಳು. ಬೇಸಿಗೆಯ ಮಧ್ಯಾಹ್ನಗಳಲ್ಲಿ ದಿನಕ್ಕೆ ಮೂರು ನಾಲ್ಕು ಸಾಲು. ಒಂದು ಕೌದಿಗೆ ಒಂದು ತಿಂಗಳು ಹಿಡಿಯುತ್ತಿತ್ತು. ನನಗೆ ಸಿಗುವುದು ವಾರಕ್ಕೆ ಒಂದು ಭಾನುವಾರ. ಡಾಕ್ಟರು ಕೊಟ್ಟ ತಾರೀಖು ನನ್ನ ಭಾನುವಾರಗಳಿಗೆ ಕಾಯುವುದಿಲ್ಲ. ಆದ್ದರಿಂದ ಮಷೀನಿನಲ್ಲೇ ಹೊಲಿಯುವುದು ಅಂತ ತೀರ್ಮಾನವಾಯಿತು.

ನಗಬೇಡಿ. ನಾಲ್ಕು ವರ್ಷದಿಂದ ಇದು ನನ್ನ ಹವ್ಯಾಸ. ಸೆಕೆಂಡ್ ಹ್ಯಾಂಡ್ ಕೊಂಡ ಒಂದು ಕಪ್ಪು ಮಷೀನು, ಅದಕ್ಕೊಂದು ಚಿಕ್ಕ ಮೋಟಾರು, ಊಟದ ಮೇಜು, ಇಷ್ಟೇ ನನ್ನ ಕಾರ್ಖಾನೆ. ಗಂಡಸರು ಟೇಲರ್ ಆದರೆ ಯಾರೂ ಹುಬ್ಬೇರಿಸುವುದಿಲ್ಲ. ಗಂಡಸು ಕೌದಿ ಹೊಲಿದರೆ ಮಾತ್ರ ಲಿಫ್ಟಿನಲ್ಲಿ ಸಿಕ್ಕವರು ಎರಡು ಸಲ ನೋಡುತ್ತಾರೆ. ಈಗ ಅವರಿಗೂ ಅಭ್ಯಾಸವಾಗಿದೆ, ನನಗೂ.

ಬನ್ನಿ, ಕಳೆದ ಭಾನುವಾರ ಹೇಗೆ ಕಳೆಯಿತು ಅಂತ ಹೇಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಮನಸ್ಸಿದ್ದರೆ ಇದನ್ನೇ ಪಾಠವಾಗಿಯೂ ಇಟ್ಟುಕೊಳ್ಳಬಹುದು.

ಬೆಳಿಗ್ಗೆ ಏಳು ಗಂಟೆ. ಸೀರೆಗಳನ್ನು ಶನಿವಾರವೇ ಒಗೆದು ಒಣಗಿಸಿದ್ದೆ. ಇದನ್ನು ಯಾರೂ ತಪ್ಪಿಸಬಾರದು. ಹತ್ತಿ ಬಟ್ಟೆ ಕುಗ್ಗುವುದಿದ್ದರೆ, ಬಣ್ಣ ಬಿಡುವುದಿದ್ದರೆ, ಹೊಲಿಯುವ ಮೊದಲೇ ಆ ಕೆಲಸ ಮುಗಿಸಿಕೊಳ್ಳಲಿ. ಕೌದಿಯಾದ ಮೇಲೆ ಕೆಂಪು ಬಣ್ಣ ಬಿಳಿಗೆ ಇಳಿದರೆ ಅಳುವುದೊಂದೇ ಬಾಕಿ. ಇನ್ನೊಂದು ಮಾತು. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇದ್ದ ಬಟ್ಟೆ ಆ ಮಡಿಕೆಯ ಗೆರೆಯಲ್ಲೇ ಜೀವ ಕಳೆದುಕೊಂಡಿರುತ್ತದೆ. ಎರಡೂ ಕೈಯಲ್ಲಿ ಮೆಲ್ಲಗೆ ಎಳೆದಾಗ ಅಲ್ಲಿ ನೂಲು ಬಿಟ್ಟುಕೊಂಡರೆ ಆ ಭಾಗವನ್ನು ಬಿಟ್ಟುಬಿಡಿ.

ಎಂಟು ಗಂಟೆಗೆ ಕತ್ತರಿ ಕೈಗೆ ಬಂತು. ಬಂದ ಕತ್ತರಿ ಒಂಬತ್ತರವರೆಗೂ ಕೈಯಲ್ಲೇ ಇತ್ತು.

ನಾನು ಆರಿಸಿದ್ದು ಮೂರು ಸೀರೆ. ಒಂದು ಹಸಿರು, ದಿನಾ ಉಡುತ್ತಿದ್ದದ್ದು. ಒಂದು ಕಡುನೀಲಿ, ಮದುವೆ ಮುಂಜಿಗೆ ಅಡುಗೆಗೆ ಹೋಗುವಾಗ ಉಡುತ್ತಿದ್ದದ್ದು. ಮೂರನೆಯದು ಇಳಕಲ್ಲಿನದು. ಇಳಕಲ್ಲಿನ ಸೀರೆ ನಿಮಗೆ ಗೊತ್ತಲ್ಲ. ಒಡಲು ಒಂದು, ಸೆರಗು ಇನ್ನೊಂದು. ನೇಕಾರ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕುಣಿಕೆ ಹಾಕಿ ಕೂಡಿಸುತ್ತಾನೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ಅಷ್ಟು ಕಷ್ಟಪಟ್ಟು ಒಬ್ಬ ಕೂಡಿಸಿದ್ದನ್ನು ನಾನು ಕತ್ತರಿಸಬೇಕೇ? ಟ್ರಂಕಿನಲ್ಲಿ ಇದ್ದಷ್ಟು ದಿನ ಅದು ಅವ್ವನ ಸೀರೆ. ಕತ್ತರಿಸಿದ ಮೇಲೆ ತುಂಡು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಿಚ್ಚಲು ಏನಿದೆ?

ಒಂಬತ್ತು ಗಂಟೆಗೆ ತಂಗಿಗೇ ಫೋನ್ ಮಾಡಿದೆ. "ಯಾಕ, ಕೈ ಬರವಲ್ದೇನು?" ಅಂದಳು. ಹೌದು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವ ಆಯಿ ಸೀರಿ ಕತ್ತರಿಸಿ ನಮಗ ಕೌದಿ ಹೊಲೀಲಿಲ್ಲೇನು? ಆಕೀಗೂ ಹಿಂಗ ಆಗಿರತೈತಿ. ಕತ್ತರಿಸು" ಅಂದಳು. ನಾನು ಮಲಗಿ ಬೆಳೆದ ಕೌದಿ ಅದು. ಅದರಲ್ಲಿ ಆಯಿಯ ಸೀರೆ ಇತ್ತು ಅನ್ನುವುದು ನನಗೆ ಗೊತ್ತಿತ್ತು. ಅದನ್ನು ಕತ್ತರಿಸುವಾಗ ಅವ್ವನ ಕೈ ನಿಂತಿರಬಹುದು ಅಂತ ಮಾತ್ರ ಯಾವತ್ತೂ ಹೊಳೆದಿರಲಿಲ್ಲ.

ಕತ್ತರಿಸಿದೆ. ಇಳಕಲ್ಲಿನ ಸೆರಗು ಮತ್ತು ಕೊಂಡಿಯನ್ನು ಮುಟ್ಟಲಿಲ್ಲ, ಒಡಲಿನಿಂದ ಮಾತ್ರ ತೆಗೆದುಕೊಂಡೆ. ಲೆಕ್ಕ ಹೀಗೆ. ಆರೂವರೆ ಇಂಚಿನ ಚೌಕ, ಒಂದೊಂದು ಸೀರೆಯಿಂದ 12, ಒಟ್ಟು 36. ಸುತ್ತಲೂ ಕಾಲಿಂಚು ಹೊಲಿಗೆಗೆ ಹೋದರೆ ಚೌಕ ಆರು ಇಂಚಿಗೆ ಇಳಿಯುತ್ತದೆ. ಆರು ಸಾಲು, ಸಾಲಿಗೆ ಆರು. ಅಲ್ಲಿಗೆ ಮೂರಡಿ ಉದ್ದ, ಮೂರಡಿ ಅಗಲದ ಕೂಸಿನ ಕೌದಿ. ಸಾಲುಗಳನ್ನು ಕೂಡಿಸುವಾಗ ಒಂದು ಸಾಲಿನ ಹೊಲಿಗೆಯ ಅಂಚನ್ನು ಎಡಕ್ಕೂ ಮುಂದಿನದನ್ನು ಬಲಕ್ಕೂ ಇಸ್ತ್ರಿ ಮಾಡಿ ಮಡಚಿ. ನಾಲ್ಕು ಮೂಲೆ ಕೂಡುವಲ್ಲಿ ಗಂಟಿನಂತೆ ದಪ್ಪವಾಗುವುದಿಲ್ಲ.

ಹನ್ನೆರಡು ಗಂಟೆಗೆ ಮೇಲ್ಪದರ ಸಿದ್ಧವಾಯಿತು. ಒಳಗೆ ಏನು ಹಾಕುವುದು? ಅಂಗಡಿಯಲ್ಲಿ ಸಿಂಥೆಟಿಕ್ ಹತ್ತಿಯ ಹಾಳೆ ಸಿಗುತ್ತದೆ. ನಮ್ಮ ಕೌದಿಗೆ ಅದು ಬೇಡ. ಅಪ್ಪನ ಹಳೆಯ ಧೋತರವನ್ನು ಎರಡು ಪದರ ಮಾಡಿ ಹಾಕಿದೆ. ಕೆಳಗೆ ಹಸಿರು ಸೀರೆಯ ಉಳಿದ ಭಾಗ, ನಾಲ್ಕೂ ಕಡೆ ಎರಡು ಇಂಚು ಹೆಚ್ಚು ಬಿಟ್ಟು. ಕೊನೆಯಲ್ಲಿ ಈ ಹೆಚ್ಚಿನ ಬಟ್ಟೆಯನ್ನೇ ಮೇಲಕ್ಕೆ ಮಡಚಿದರೆ ಅಂಚು ಆಗುತ್ತದೆ.

ಪದರಗಳನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ಸವರಿ, ಅಂಗೈ ಅಗಲಕ್ಕೊಂದರಂತೆ ಸೇಫ್ಟಿ ಪಿನ್ ಚುಚ್ಚಿದೆ. ಉದ್ದಕ್ಕೆ ಒಂಬತ್ತು, ಅಗಲಕ್ಕೆ ಒಂಬತ್ತು. ಒಟ್ಟು 81. ಈ ಸಂಖ್ಯೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಊಟವಾಯಿತು. ಎರಡೂವರೆಗೆ ಮಷೀನಿನ ಮುಂದೆ ಕುಳಿತೆ. ಇಲ್ಲಿ ಸ್ವಲ್ಪ ಯಂತ್ರದ ಗುಟ್ಟು ಹೇಳಬೇಕು. ಮಷೀನಿನ ಸೂಜಿಯ ಕೆಳಗೆ ಸಣ್ಣ ಹಲ್ಲುಗಳಿರುತ್ತವೆ, ನೋಡಿದ್ದೀರಿ. ಬಟ್ಟೆಯನ್ನು ಹಿಂದಕ್ಕೆ ಎಳೆಯುವುದು ಅವೇ. ಒಂದು ಅಂಗಿಗೆ ಅದು ಸಾಕು. ನಾಲ್ಕು ಪದರದ ಕೌದಿಯಲ್ಲಿ ಹಲ್ಲು ಕೆಳಗಿನ ಪದರವನ್ನು ಎಳೆಯುತ್ತದೆ, ಮೇಲಿನ ಪದರ ಫುಟ್ಟಿನ ಕೆಳಗೆ ತಡವರಿಸುತ್ತಾ ಹಿಂದೆ ಉಳಿಯುತ್ತದೆ. ಸಾಲಿನ ಕೊನೆಗೆ ಬಂದಾಗ ನೆರಿಗೆ ಬಿದ್ದಿರುತ್ತದೆ. ಇದಕ್ಕೆ ಮದ್ದು ವಾಕಿಂಗ್ ಫುಟ್. ಅದಕ್ಕೂ ತನ್ನದೇ ಹಲ್ಲುಗಳಿವೆ. ಕೆಳಗಿನ ಹಲ್ಲು ಎಳೆದಾಗ ಮೇಲಿನ ಹಲ್ಲೂ ಹೆಜ್ಜೆ ಹಾಕುತ್ತದೆ. ಮಷೀನಿನ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಮಷೀನಿನ ಮಾದರಿ ಹೇಳಿಯೇ ಕೊಳ್ಳಿ. ಸೂಜಿ 14ನೇ ನಂಬರಿನದು, ಹೊಸದು. ಹೊಲಿಗೆ ಮೂರು ಮಿಲಿಮೀಟರ್ ಉದ್ದ. ದಾರ ಹತ್ತಿಯದೇ ಇರಲಿ.

ಇನ್ನು ಎಲ್ಲಿಂದ ಹೊಲಿಯಬೇಕು? ನಮ್ಮ ಅವ್ವ ಅಂಚಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಿದ್ದಳು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವುದೂ ಹಾಗೆಯೇ. ಸಿದ್ದಿಗಳು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು. ಅವರ ಕೌದಿಯ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಾಡಿದ ತ್ರಿಕೋನದ ಹೂ ಇರುತ್ತದೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿಯಾದದ್ದಲ್ಲ. ಕೈಯಲ್ಲಿ ಹೊಲಿಯುವಾಗ ಅಂಚಿನಿಂದ ಒಳಗೆ ಬರಬಹುದು. ಬಟ್ಟೆ ಸಡಿಲ ಬಂದರೆ ಬೆರಳು ಅದನ್ನು ಒಂದೊಂದು ಹೊಲಿಗೆಗೂ ಸ್ವಲ್ಪಸ್ವಲ್ಪ ಹಂಚಿಬಿಡುತ್ತದೆ. ಮಷೀನಿಗೆ ಆ ವಿವೇಕ ಇಲ್ಲ. ಅದು ಸಡಿಲವನ್ನು ಮುಂದೆ ತಳ್ಳಿಕೊಂಡು ಹೋಗುತ್ತದೆ. ಅಂಚಿನಿಂದ ಶುರುಮಾಡಿದರೆ ಎಲ್ಲ ಸಡಿಲವೂ ನಡುವೆ ಬಂದು ಗುಡ್ಡವಾಗುತ್ತದೆ. ಆದ್ದರಿಂದ ಮಷೀನಿನ ಕೌದಿಯನ್ನು ನಡುವಿನಿಂದ ಹೊರಕ್ಕೆ ಹೊಲಿಯಬೇಕು.

ಮೊದಲ ಸಾಲು ಸರಿಯಾಗಿ ನಡುವೆ. ಮುಂದಿನವು ಒಂದೂವರೆ ಇಂಚು ದೂರ ದೂರಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಒಟ್ಟು 23 ಸಾಲು. ಮೂರಡಿಯ ಒಂದು ಸಾಲಿನಲ್ಲಿ ಮುನ್ನೂರು ಹೊಲಿಗೆ ಅಂತ ಹಿಡಿದರೂ ಸುಮಾರು 7 ಸಾವಿರ ಹೊಲಿಗೆ. ಒಂದು ಮಧ್ಯಾಹ್ನದಲ್ಲಿ 7 ಸಾವಿರ! ಬಾಬಿನ್ ಎರಡು ಸಲ ಖಾಲಿಯಾಯಿತು, ಎರಡು ಸಲವೂ ಸಾಲಿನ ನಟ್ಟನಡುವೆ. ಬಾಬಿನ್ನಿಗೆ ಸಾಲಿನ ಕೊನೆಯಲ್ಲಿ ಖಾಲಿಯಾಗುವ ಅಭ್ಯಾಸವೇ ಇಲ್ಲ. ಹೊಲಿಗೆ ಹತ್ತಿರ ಬಂದಂತೆ ಪಿನ್ನುಗಳನ್ನು ತೆಗೆದು ಸ್ಟೀಲ್ ಬಟ್ಟಲಿಗೆ ಹಾಕುತ್ತಾ ಹೋದೆ.

ನಾಲ್ಕು ಗಂಟೆಗೆ ಕಾಕು ಚಹಾ ತಂದರು. ಕೌದಿಯ ಮೇಲೆ ಕೈಯಾಡಿಸಿ, "ಚೆನ್ನಾಗಿದೆ, ಆದರೆ ಮಷೀನಿನದು ಗೋಧಡಿ ಆಗುತ್ತದೆಯೇ?" ಅಂತ ಮರಾಠಿಯಲ್ಲಿ ಕೇಳಿದರು. ಕಾಕು ಒಬ್ಬರೇ ಕೇಳಿದ ಪ್ರಶ್ನೆ ಅಲ್ಲ ಇದು. ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಪಡೂಕಾ ಅಂತ ಒಂದು ಊರು. ಅಲ್ಲಿ 1985ರಿಂದ ಕ್ವಿಲ್ಟುಗಳ, ಅಂದರೆ ಅವರ ಕೌದಿಗಳ, ದೊಡ್ಡ ಪ್ರದರ್ಶನ ನಡೆಯುತ್ತಿದೆ. 1989ರಲ್ಲಿ ಕ್ಯಾರಲ್ ಬ್ರೈಯರ್ ಫಾಲರ್ಟ್ ಅನ್ನುವವರು ಸೂರ್ಯಗ್ರಹಣದ ಚಿತ್ರದ ಒಂದು ಕ್ವಿಲ್ಟ್ ತಂದರು. ಪೂರ್ತಿ ಮಷೀನಿನಲ್ಲೇ ಹೊಲಿದದ್ದು. ಅದಕ್ಕೇ ಅಲ್ಲಿನ ಅತಿದೊಡ್ಡ ಬಹುಮಾನ ಬಂತು. ಮಷೀನಿನ ಹೊಲಿಗೆಗೆ ಆ ಬಹುಮಾನ ಬಂದದ್ದು ಅದೇ ಮೊದಲು. ಕೈಹೊಲಿಗೆಯವರಿಗೆ ಇದು ಸುಲಭವಾಗಿ ಜೀರ್ಣವಾಗಲಿಲ್ಲ, ಚರ್ಚೆ ಬಹಳ ನಡೆಯಿತು. ಹೊಲಿಗೆ ಮಷೀನು ಬಂದು ಆಗಲೇ ನೂರು ವರ್ಷ ದಾಟಿತ್ತು. ಎಲಾಯಸ್ ಹೋವ್ ತನ್ನ ಮಷೀನಿಗೆ ಪೇಟೆಂಟ್ ಪಡೆದದ್ದು 1846ರಲ್ಲಿ. ಬಟ್ಟೆ ಹೊಲಿಯಲು ಮಷೀನನ್ನು ಒಪ್ಪಿಕೊಂಡವರು ಹೊದಿಕೆಗೆ ಒಪ್ಪಿಕೊಳ್ಳಲು ಅಷ್ಟು ಕಾಲ ಬೇಕಾಯಿತು.

ಕಾಕುಗೆ ನಾನು ಉತ್ತರ ಕೊಡಲಿಲ್ಲ. ಕೈಹೊಲಿಗೆಯಲ್ಲಿ ಒಂದೇ ದಾರ. ಅದು ಮುಳುಗುತ್ತದೆ, ಏಳುತ್ತದೆ, ನಡುವೆ ಬಟ್ಟೆಗೆ ಉಸಿರಾಡಲು ಜಾಗ ಬಿಡುತ್ತದೆ. ಮಷೀನಿನದು ಎರಡು ದಾರ. ಮೇಲಿನದೂ ಕೆಳಗಿನದೂ ಬಟ್ಟೆಯ ಒಳಗೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಗಟ್ಟಿ ನಿಜ, ಆದರೆ ಕೈಗೆ ಸ್ವಲ್ಪ ಬಿರುಸು. ವ್ಯತ್ಯಾಸ ಇದೆ. ಇಲ್ಲ ಅಂತ ವಾದಿಸುವುದು ಸುಳ್ಳಾಗುತ್ತದೆ.

ಐದೂವರೆಗೆ ಸಾಲು ಮುಗಿಯಿತು. ಕೆಳಗಿನ ಹಸಿರು ಅಂಚನ್ನು ಎರಡು ಸಲ ಮಡಚಿ ಮೇಲೆ ತಂದು ಸುತ್ತಲೂ ಹೊಲಿದೆ. ಆರೂಕಾಲಿಗೆ ಕೊನೆಯ ದಾರ ಕತ್ತರಿಸಿದೆ. ಬೆನ್ನು ನೆಟ್ಟಗೆ ಮಾಡಿಕೊಂಡು, ಬಟ್ಟಲು ಎತ್ತಿಕೊಂಡು ಪಿನ್ನು ಎಣಿಸಿದೆ.

80.

ಮತ್ತೆ ಎಣಿಸಿದೆ. 80. ಮೇಜಿನ ಮೇಲೆ ಹತ್ತು ಹತ್ತರ ಸಾಲು ಮಾಡಿ ಎಣಿಸಿದೆ. ಎಂಟು ಸಾಲು, ಮಿಕ್ಕಿದ್ದು ಏನೂ ಇಲ್ಲ.

ನಮ್ಮ ಹಾಸಿಗೆಯಾಗಿದ್ದರೆ ಸಿಕ್ಕಾಗ ಸಿಗಲಿ ಅನ್ನಬಹುದಿತ್ತು. ಇದು ಹಸುಗೂಸಿನ ಬೆನ್ನಿಗೆ ತಾಗುವ ಬಟ್ಟೆ. ನೆಲ ಗುಡಿಸಿದೆ. ಮಷೀನನ್ನು ಎತ್ತಿ ನೋಡಿದೆ. ಅಂಗಿಯ ಜೇಬು, ಚಾಪೆಯ ಕೆಳಗೆ, ಕಸದ ಬುಟ್ಟಿ, ಎಲ್ಲ ಹುಡುಕಿದೆ. ಕೌದಿಯನ್ನು ಎರಡೂ ಕಡೆ ಅಂಗೈಯಿಂದ ಒತ್ತಿ ಒತ್ತಿ ನೋಡಿದೆ. ಏನೂ ತಾಗಲಿಲ್ಲ. ಇಲ್ಲದ ಪಿನ್ನನ್ನು ಹುಡುಕುತ್ತಿದ್ದೇನೆಯೇ? ಬೆಳಿಗ್ಗೆ 80 ಮಾತ್ರ ಚುಚ್ಚಿ 81 ಅಂದುಕೊಂಡಿದ್ದೆನೇ? ಹಾಗೆ ಅಂದುಕೊಂಡು ಮುಗಿಸಿಬಿಡುವುದು ಎಷ್ಟು ಸುಲಭ ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೆ ಒಂಬತ್ತು ಒಂಬತ್ತಲಿ ಎಂಬತ್ತೊಂದು. ಮಗ್ಗಿ ಸುಳ್ಳು ಹೇಳುವುದಿಲ್ಲ.

ಆಗ ನೆನಪಾದದ್ದು ಕಪಾಟಿನ ಮೇಲಿದ್ದ ಕೆಟ್ಟ ರೇಡಿಯೋ. ರೇಡಿಯೋದವನ ಮನೆಯಲ್ಲಿ ಕೆಟ್ಟ ರೇಡಿಯೋ ಇಲ್ಲದಿರುತ್ತದೆಯೇ! ಅದರ ಸ್ಪೀಕರ್ ಬಿಚ್ಚಿ ತೆಗೆದೆ. ಸ್ಪೀಕರಿನ ಹಿಂದೆ ಒಳ್ಳೆಯ ಬಲದ ಅಯಸ್ಕಾಂತ ಇರುತ್ತದೆ. ಅದನ್ನು ಕೌದಿಯ ಮೇಲೆ ಸಾಲುಸಾಲಾಗಿ ಆಡಿಸುತ್ತಾ ಹೋದೆ. ನಡುವೆ ಏನೂ ಇಲ್ಲ. ಮೂರು ಅಂಚು ಮುಗಿಯಿತು, ಏನೂ ಇಲ್ಲ. ನಾಲ್ಕನೆಯ ಅಂಚಿನ ಮೂಲೆಯ ಹತ್ತಿರ ಬಟ್ಟೆ ತಾನಾಗಿಯೇ ಮೆಲ್ಲಗೆ ಎದ್ದು ಅಯಸ್ಕಾಂತಕ್ಕೆ ಅಂಟಿತು.

ಮೂಲೆಯಲ್ಲಿ ಮಡಿಕೆಯ ಮೇಲೆ ಮಡಿಕೆ ಬಂದು ಬಟ್ಟೆ ದಪ್ಪವಾಗಿತ್ತು, ಅದಕ್ಕೇ ಕೈಗೆ ಗೊತ್ತಾಗಿರಲಿಲ್ಲ. ಯಾವಾಗಲೋ ತೆಗೆದ ಪಿನ್ನನ್ನು ಬಟ್ಟಲಿಗೆ ಹಾಕದೆ ಅಂಚಿನ ಮೇಲೆ ಇಟ್ಟಿದ್ದಿರಬೇಕು. ಅದು ಅಲ್ಲೇ ಕುಳಿತು, ಮಡಿಕೆಯ ಒಳಗೆ ಸೇರಿಕೊಂಡಿತ್ತು. ಪಿನ್ನು ಉಕ್ಕಿನದಾಗಿದ್ದದ್ದು ಪುಣ್ಯ. ಹಿತ್ತಾಳೆಯದಾಗಿದ್ದರೆ ಅಯಸ್ಕಾಂತ ಅದನ್ನು ಗುರುತಿಸುತ್ತಲೇ ಇರಲಿಲ್ಲ.

ಒಂದು ಗೇಣಿನಷ್ಟು ಅಂಚು ಬಿಚ್ಚಿದೆ. ಪಿನ್ನು ಹೊರಗೆ ಬಂತು. ಬಾಯಿ ತೆರೆದೇ ಇತ್ತು. ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆ ಗೇಣು ಅಂಚನ್ನು ಮತ್ತೆ ಮಷೀನಿಗೆ ಕೊಡಲು ಮನಸ್ಸಾಗಲಿಲ್ಲ. ದಪ್ಪ ಸೂಜಿಗೆ ದಾರ ಪೋಣಿಸಿ, ಕಿಟಕಿಯ ಹತ್ತಿರ ಕುಳಿತು ಕೈಯಲ್ಲೇ ಹೊಲಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಅವ್ವನ ಹೊಲಿಗೆ ಎಳ್ಳುಕಾಳು ಇಟ್ಟ ಹಾಗೆ ಇರುತ್ತಿತ್ತು. ನನ್ನದು ಒಂದು ಅಕ್ಕಿಕಾಳು, ಒಂದು ಹುರುಳಿಕಾಳು. ರಾತ್ರಿ ತಂಗಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದೆ. "ಎಣಿಸಿದ್ಯಲ್ಲ, ಅಷ್ಟ ಸಾಕು" ಅಂದಳು.

ಬಂಧುಗಳೇ, ನೀವೂ ಹೊಲಿಯುವುದಾದರೆ ಮೂರು ಮಾತು ನೆನಪಿಡಿ. ಕೂಸಿನ ಕೌದಿಗೆ ಜರಿ, ಗುಂಡಿ, ಮಣಿ ಯಾವುದೂ ಬೇಡ. ಎಳೆಗೂಸು ಮಲಗಿರುವಾಗ ಕೌದಿಯನ್ನು ಮೈಮೇಲೆ ಹೊದಿಸಿ ಬಿಡಬಾರದು, ಮುಖದ ಮೇಲೆ ಬಂದರೆ ಉಸಿರಿಗೆ ಅಪಾಯ ಅಂತ ಡಾಕ್ಟರುಗಳು ಹೇಳುತ್ತಾರೆ. ಕೆಳಗೆ ಬಿಗಿಯಾಗಿ ಹಾಸಲಿ, ಇಲ್ಲವೇ ಎಚ್ಚರವಿರುವಾಗ ಆಡಲು ನೆಲಕ್ಕೆ ಹಾಸಲಿ. ಮೂರನೆಯದು, ಪಿನ್ನುಗಳನ್ನು ಚುಚ್ಚುವಾಗ ಎಣಿಸಿ, ತೆಗೆದಮೇಲೆ ಎಣಿಸಿ. ಲೆಕ್ಕವನ್ನು ಕಾಗದದ ಮೇಲೆ ಬರೆದಿಡಿ. ನನ್ನ ಹಾಗೆ ಮಗ್ಗಿಯನ್ನು ನಂಬಿ ಕೂರಬೇಡಿ.

ಮುಂದಿನ ತಿಂಗಳು ರಜೆ ಹಾಕಿ ನಾನೇ ಧಾರವಾಡಕ್ಕೆ ಕೌದಿ ಒಯ್ಯುತ್ತೇನೆ. ಇಳಕಲ್ಲಿನ ಸೆರಗು ಟ್ರಂಕಿನಲ್ಲೇ ಇದೆ. ಅದನ್ನು ಏನು ಮಾಡಬೇಕು ಅಂತ ತಂಗಿಯೂ ಹೇಳಿಲ್ಲ, ನಾನೂ ಕೇಳಿಲ್ಲ. ಮೊನ್ನೆ ಕಾಕು ಮತ್ತೆ ಬಂದಿದ್ದರು. ಕೌದಿಯನ್ನು ಮಡಿಲಲ್ಲಿ ಹಾಕಿಕೊಂಡು ಅಂಚನ್ನು ಬೆರಳಿನಿಂದ ಸವರುತ್ತಾ ಹೋದರು. ಆ ಗೇಣಿನ ಹತ್ತಿರ ಬೆರಳು ನಿಂತಿತು. "ಇದು ಕೈಯದು" ಅಂದರು. ಹೌದು ಅಂದೆ. "ಸೊಟ್ಟ ಇದೆ" ಅಂದು ನಕ್ಕರು.

ನಿಮ್ಮ ಮನೆಯ ಟ್ರಂಕಿನಲ್ಲೂ ಯಾರದೋ ಸೀರೆ, ಯಾರದೋ ಧೋತರ ಮಡಿಕೆಯಲ್ಲೇ ಸವೆಯುತ್ತಾ ಇರಬಹುದು. ಒಮ್ಮೆ ತೆರೆದು ಬೆಳಕಿಗೆ ಹಿಡಿದು ನೋಡಿ. ಏನು ಮಾಡಿದಿರಿ ಅಂತ ನಮಗೆ ಬರೆದು ತಿಳಿಸಿ.

ಮುಂದಿನ ವಾರ ಇದೇ ಹೊತ್ತಿಗೆ ಮತ್ತೆ ಸಿಗೋಣ. ಅಲ್ಲಿಯವರೆಗೆ, ನಮಸ್ಕಾರ.